ಮಿಲ್ಲುಗಳು ಮುಳುಗಿದ್ದು ಮುಷ್ಕರದಿಂದಲೇ? ಜನ ಯಾವಾಗ ಬೀದಿಗೆ ಇಳಿಯುತ್ತಾರೆ, ಆಮೇಲೆ ಏನಾಗುತ್ತದೆ

ಮುಂಬಯಿಯ ಲೋವರ್ ಪರೇಲ್ ಕಡೆ ಆಫೀಸಿಗೆ ಹೋಗುವ ನಮ್ಮ ಕನ್ನಡದ ಹುಡುಗ ಹುಡುಗಿಯರ ಬಾಯಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ. "ಇಲ್ಲಿ ಮೊದಲು ಬಟ್ಟೆ ಮಿಲ್ಲುಗಳಿದ್ದವಂತೆ, ಕಾರ್ಮಿಕರ ನಾಯಕ ದತ್ತಾ ಸಾಮಂತ್ ಮುಷ್ಕರ ಮಾಡಿಸಿದ್ದಕ್ಕೆ ಎಲ್ಲ ಮುಚ್ಚಿಹೋದವಂತೆ." ಒಂದೇ ಉಸಿರಿಗೆ ಸುಮಾರು ಎರಡೂವರೆ ಲಕ್ಷ ಜನರ ಕಥೆ ಮುಗಿದುಹೋಗುತ್ತದೆ. ಈ ವಿವರಣೆ ತಪ್ಪು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಅದು ತಪ್ಪು ಅನ್ನುವುದಕ್ಕಿಂತ ಹೆಚ್ಚಾಗಿ, ಜನ ಯಾಕೆ ಪ್ರತಿಭಟನೆಗೆ ಇಳಿಯುತ್ತಾರೆ, ಯಾವಾಗ ಅದು ದಂಗೆಯಾಗುತ್ತದೆ, ಯಾವಾಗ ಕ್ರಾಂತಿಯಾಗುತ್ತದೆ ಅನ್ನುವುದನ್ನು ಅರ್ಥ ಮಾಡಿಕೊಳ್ಳಲು ನಮ್ಮನ್ನು ಬಿಡುವುದೇ ಇಲ್ಲ. ಒಬ್ಬ ನಾಯಕ ಬಂದ, ಕೆರಳಿಸಿದ, ಕೆಲಸ ಹೋಯಿತು ಅಂದುಬಿಟ್ಟರೆ ಮುಂದೆ ಕೇಳುವ ಪ್ರಶ್ನೆಯೇ ಉಳಿಯುವುದಿಲ್ಲ. ಆದರೆ ಯಾರೋ ಹೇಳಿದರು ಅಂತ ಸುಮ್ನೆ ಯಾರೂ ತಿಂಗಳುಗಟ್ಟಲೆ ಸಂಬಳ ಬಿಟ್ಟು ಕೂರುವುದಿಲ್ಲ.

ಮೊದಲು ಬಡತನದ ವಿಷಯ. ಹೊಟ್ಟೆಗಿಲ್ಲದವರು ದಂಗೆ ಏಳುತ್ತಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿದ್ದರೆ ಈ ಊರಿನ ಫುಟ್‌ಪಾತಿನಲ್ಲಿ ಮಲಗುವವರು ದಿನಾ ದಂಗೆ ಏಳಬೇಕಿತ್ತು, ಅಲ್ವಾ? ಏಳುವುದಿಲ್ಲ. ನಾಳೆಯ ಊಟದ್ದೇ ಚಿಂತೆ ಇರುವವರಿಗೆ ಒಂದು ದಿನದ ಕೂಲಿ ಬಿಡುವುದೂ ಕಷ್ಟ. ಬೀದಿಗೆ ಇಳಿಯುವವರು ಹೆಚ್ಚಾಗಿ ಒಂದಿಷ್ಟು ಗಳಿಸಿದವರು, ಅದು ಕೈಜಾರುತ್ತಿದೆ ಅಂತ ಕಂಡವರು, ಪಕ್ಕದವರು ತಮ್ಮನ್ನು ದಾಟಿ ಮುಂದೆ ಹೋಗುವುದನ್ನು ನೋಡಿದವರು.

ಗಿರಣಗಾಂವ್, ಅಂದರೆ ಮಿಲ್ಲುಗಳ ಊರು, ಅಲ್ಲಿನ ಕಾರ್ಮಿಕರ ಕಥೆ ಇದೇ. ಲಾಲ್‌ಬಾಗ್, ಪರೇಲ್, ವರ್ಲಿ, ಭಾಯ್‌ಖಳಾ ಸುತ್ತಲಿನ ಮಿಲ್ ಕಾರ್ಮಿಕರು ಒಂದು ಕಾಲದಲ್ಲಿ ಈ ಊರಿನಲ್ಲಿ ಒಳ್ಳೆಯ ಸಂಬಳ ಪಡೆಯುವವರಲ್ಲಿ ಸೇರಿದ್ದರು. 1970ರ ದಶಕದ ಹೊತ್ತಿಗೆ ಎಂಜಿನಿಯರಿಂಗ್, ಔಷಧಿ, ಕೆಮಿಕಲ್ ಕಾರ್ಖಾನೆಗಳವರು ಅವರನ್ನು ಹಿಂದೆ ಹಾಕಿದ್ದರು. ಚಾಳಿನ ಒಂದೇ ಸಾಲಿನಲ್ಲಿ ಇಬ್ಬರೂ ಇರುತ್ತಿದ್ದರು. ಅಪ್ಪ ಮಿಲ್ಲಿನಲ್ಲಿ, ಪಕ್ಕದ ಖೋಲಿಯವರ (ಕೋಣೆಯವರ) ಮಗ ಕಾರು ಕಾರ್ಖಾನೆಯಲ್ಲಿ. ಸಂಬಳದ ದಿನ ಯಾರಿಗೆ ಎಷ್ಟು ಬಂತು ಅನ್ನುವುದು ಗೋಡೆಯಾಚೆಗೂ ಗೊತ್ತಾಗುತ್ತಿತ್ತು. ಇದರ ಜತೆಗೆ ಬದ್ಲಿ ಪದ್ಧತಿ. ಬದ್ಲಿ ಕಾರ್ಮಿಕ ಅಂದರೆ ಕಾಯಂ ಅಲ್ಲದವನು. ಪಾಳಿ ಶುರುವಾಗುವ ಹೊತ್ತಿಗೆ ಗೇಟಿನ ಮುಂದೆ ಹೋಗಿ ನಿಲ್ಲಬೇಕು, ಕಾಯಂನವರು ಯಾರಾದರೂ ಬಂದಿಲ್ಲದಿದ್ದರೆ ಅವತ್ತು ಕೆಲಸ, ಇಲ್ಲದಿದ್ದರೆ ಬರಿಗೈಯಲ್ಲಿ ವಾಪಸ್ಸು. ಹೀಗೆ ವರ್ಷಗಟ್ಟಲೆ ಗೇಟು ಕಾದವರು ಸಾವಿರಾರು ಜನ. ಅವರ ಮನಸ್ಸಿನಲ್ಲಿದ್ದ ಸಿಟ್ಟಿಗೆ ಸಾಮಂತ್ ಬರಬೇಕಾಗಿರಲಿಲ್ಲ, ಅದು ಮೊದಲೇ ಇತ್ತು.

ಆದರೆ ಸಿಟ್ಟು ಇದ್ದ ಮಾತ್ರಕ್ಕೆ ಮುಷ್ಕರ ಆಗುವುದಿಲ್ಲ. ಇದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ, ನಮ್ಮವರ ಹೋಟೆಲುಗಳನ್ನೇ ನೋಡಿ. ಫೋರ್ಟ್, ಮಾಟುಂಗಾ, ದಾದರ್‌ನ ಉಡುಪಿ ಹೋಟೆಲುಗಳಿಗೆ ಕರಾವಳಿಯಿಂದ ಎಳೆ ಹುಡುಗರು ಬಂದರು. ಬೆಳಗಿನ ಜಾವದಿಂದ ರಾತ್ರಿ ಶಟರ್ ಎಳೆಯುವವರೆಗೆ ದುಡಿದರು, ಅದೇ ಹೋಟೆಲಿನ ಮೇಜುಗಳ ಮೇಲೆ ಮಲಗಿದರು, ಕೆಲವರು ರಾತ್ರಿ ಶಾಲೆಗೆ ಹೋಗಿ ಓದಿದರು. ದುಡಿಮೆ ಮಿಲ್ಲಿನದ್ದಕ್ಕಿಂತ ಹಗುರವೇನೂ ಆಗಿರಲಿಲ್ಲ. ಆದರೂ ಗಿರಣಗಾಂವ್‌ನಂಥ ಸಾಲು ಸಾಲು ಮುಷ್ಕರಗಳು ಅಲ್ಲಿ ಆಗಲಿಲ್ಲ. ಯಾಕೆ? ಒಂದೊಂದು ಹೋಟೆಲಿನಲ್ಲಿ ಕೆಲಸಕ್ಕಿದ್ದವರು ಹತ್ತೋ ಇಪ್ಪತ್ತೋ ಜನ. ಧಣಿ ಊರ ಕಡೆಯವರು, ಎಷ್ಟೋ ಸಲ ನೆಂಟರು. ಕೆಲಸಕ್ಕೆ ಕರೆತಂದವರು ಮಾವನೋ ದೊಡ್ಡಪ್ಪನೋ. ಎದುರು ಮಾತಾಡಿದರೆ ಸುದ್ದಿ ಮರುವಾರವೇ ಊರಿನ ಮನೆಗೆ ಮುಟ್ಟುತ್ತದೆ. ಮೇಲಾಗಿ ಮಾಣಿಯಾಗಿ ಬಂದವನು ನಾಳೆ ತಾನೇ ಒಂದು ಹೋಟೆಲು ಇಡುತ್ತೇನೆ ಅನ್ನುವ ಆಸೆಯಲ್ಲಿರುತ್ತಿದ್ದ, ಮತ್ತು ಕೆಲವರು ನಿಜವಾಗಿ ಇಟ್ಟರು. ದಾರಿ ಮೇಲಕ್ಕೆ ಹೋಗುತ್ತದೆ ಅಂತ ಅನಿಸಿದರೆ ಜನ ಸಹಿಸಿಕೊಳ್ಳುತ್ತಾರೆ.

ಮಿಲ್ಲಿನಲ್ಲಿ ಇದೆಲ್ಲ ಉಲ್ಟಾ. ಒಂದೇ ಸೂರಿನ ಕೆಳಗೆ ಸಾವಿರಾರು ಜನ, ಒಂದೇ ಸೈರನ್ನಿಗೆ ಒಳಗೆ, ಒಂದೇ ಸೈರನ್ನಿಗೆ ಹೊರಗೆ. ಮಾಲೀಕರ ಮುಖ ಕಂಡವರಿಲ್ಲ. ವಾಸ ಒಂದೇ ಚಾಳು, ಊಟ ಒಂದೇ ಖಾನಾವಳಿ, ಗಣೇಶೋತ್ಸವ ಒಂದೇ ಮಂಡಳಿಯದು. ನೇಯುವವರು ಎಷ್ಟೇ ದುಡಿದರೂ ಮಿಲ್ ಮಾಲೀಕರಾಗುವ ಮಾತೇ ಇಲ್ಲ. ಹೀಗಿರುವಾಗ ಒಬ್ಬನ ಸಿಟ್ಟು ಸಾವಿರ ಜನರ ಸಿಟ್ಟಾಗಲು ಒಂದು ಸಂಜೆ ಸಾಕು. (ಹೋಟೆಲು ಕಾರ್ಮಿಕರನ್ನು ಯಾರೂ ಸಂಘಟಿಸಲೇ ಇಲ್ಲ ಅಂತಲ್ಲ. ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮುಂಬಯಿಗೆ ಬರುವ ಮೊದಲೇ ಊರಿನಲ್ಲಿ ಸಾರಿಗೆಯವರನ್ನೂ ಹೋಟೆಲಿನವರನ್ನೂ ಸೇರಿಸಿ ಕೆಲಸ ಶುರು ಮಾಡಿದ್ದರು. ಇಲ್ಲಿ ಅವರಿಗೆ ದಾರಿ ತೋರಿಸಿದ ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ಕೂಡ ನಮ್ಮ ಕರಾವಳಿಯ ಕಡೆಯವರೇ. ಸಿಎಸ್‌ಎಂಟಿ ರೈಲು ನಿಲ್ದಾಣದ ಪಕ್ಕದ ರಸ್ತೆಗೆ ಅವರದೇ ಹೆಸರಿದೆ.)

ಈಗ ಮೂರನೆಯ ಸಂಗತಿ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು ಇದೇ, ಮತ್ತು ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಸಿಟ್ಟಿದೆ, ಒಗ್ಗಟ್ಟೂ ಇದೆ. ಆದರೂ ಮಾತುಕತೆಗೆ ದಾರಿ ಇದ್ದರೆ ಎಷ್ಟೋ ಜಗಳಗಳು ಮೇಜಿನ ಮೇಲೇ ತೀರುತ್ತವೆ. ಆ ದಾರಿಯನ್ನೇ ಮುಚ್ಚಿದಾಗ ಸ್ಫೋಟವಾಗುತ್ತದೆ. ಮುಂಬಯಿಯ ಮಿಲ್ಲುಗಳಲ್ಲಿ ಅದನ್ನು ಮುಚ್ಚಿದ್ದು ಒಂದು ಕಾನೂನು.

ಅದರ ಹಿನ್ನೆಲೆ ಸ್ವಲ್ಪ ಹಳೆಯದು. 1908ರ ಜುಲೈನಲ್ಲಿ ತಿಲಕರಿಗೆ ಆರು ವರ್ಷ ಶಿಕ್ಷೆಯಾದಾಗ ಮಿಲ್ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದ್ದರು. 1928ರಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್ ತನಕ ಇಡೀ ಊರಿನ ಮಿಲ್ಲುಗಳು ನಿಂತಿದ್ದವು, ಆ ಮುಷ್ಕರದ ನಡುವೆಯೇ ಹುಟ್ಟಿದ ಕೆಂಬಾವುಟದ ಗಿರಣಿ ಕಾಮಗಾರ್ ಯೂನಿಯನ್ ಅದರ ಮುಂದೆ ನಿಂತಿತ್ತು. ಆಳುವವರಿಗೆ ಇದು ಭಯ ಹುಟ್ಟಿಸಿತು. ಬ್ರಿಟಿಷರಿಗೆ ಮಾತ್ರ ಅಲ್ಲ, ಆಮೇಲೆ ಪ್ರಾಂತ್ಯದಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ಸಿಗೂ. 1938ರಲ್ಲಿ ಬೊಂಬಾಯಿ ಸರ್ಕಾರ ಮುಷ್ಕರಕ್ಕೆ ಕಡಿವಾಣ ಹಾಕುವ ಕೈಗಾರಿಕಾ ವಿವಾದ ಮಸೂದೆ ತಂದಾಗ ಅಂಬೇಡ್ಕರ್ ವಿಧಾನಸಭೆಯಲ್ಲಿ ಅದನ್ನು ವಿರೋಧಿಸಿದರು. ಮುಷ್ಕರ ಮಾಡುವ ಹಕ್ಕು ಅಂದರೆ ಸ್ವಾತಂತ್ರ್ಯದ ಹಕ್ಕೇ ಅನ್ನುವುದು ಅವರ ವಾದವಾಗಿತ್ತು. ಆ ನವೆಂಬರ್ 7ರಂದು ಅವರ ಸ್ವತಂತ್ರ ಕಾರ್ಮಿಕ ಪಕ್ಷ ಮತ್ತು ಕಮ್ಯುನಿಸ್ಟರು ಒಟ್ಟಾಗಿ ಒಂದು ದಿನದ ಮುಷ್ಕರ ಮಾಡಿದರು. ಮಸೂದೆ ಕಾನೂನಾಯಿತು.

1946ರಲ್ಲಿ ಅದರ ಜಾಗಕ್ಕೆ ಬೊಂಬಾಯಿ ಕೈಗಾರಿಕಾ ಸಂಬಂಧಗಳ ಕಾನೂನು ಬಂತು. ಅದರ ಪ್ರಕಾರ ಇಡೀ ಊರಿನ ಬಟ್ಟೆ ಮಿಲ್ಲುಗಳಿಗೆಲ್ಲ ಸೇರಿ ಒಂದೇ ಒಂದು ಪ್ರಾತಿನಿಧಿಕ ಯೂನಿಯನ್. ಮಾಲೀಕರ ಜತೆ ಮಾತಾಡುವ, ಒಪ್ಪಂದಕ್ಕೆ ಸಹಿ ಹಾಕುವ ಹಕ್ಕು ಅದಕ್ಕೆ ಮಾತ್ರ. ಬೇರೆಯವರು ಮುಷ್ಕರ ಮಾಡಿದರೆ ಅದು ಕಾನೂನುಬಾಹಿರ. ಆ ಪಟ್ಟ ಸಿಕ್ಕಿದ್ದು ಕಾಂಗ್ರೆಸ್ ಜತೆಗಿದ್ದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಯಾರಿಗೆ ಬೆಂಬಲ ಜಾಸ್ತಿ ಇದೆ ಅಂತ ನೋಡುವುದು ಸದಸ್ಯತ್ವದ ದಾಖಲೆಗಳಿಂದ, ಕಾರ್ಮಿಕರ ಗುಪ್ತ ಮತದಾನದಿಂದ ಅಲ್ಲ. ಅಂದರೆ ನಿಮ್ಮ ಮಿಲ್ಲಿನಲ್ಲಿ ಬಹುತೇಕರಿಗೆ ಸಂಘದ ಮೇಲೆ ನಂಬಿಕೆ ಇಲ್ಲದಿದ್ದರೂ ನಿಮ್ಮ ಪರವಾಗಿ ಸಹಿ ಹಾಕುವವರು ಅವರೇ. ಅದನ್ನು ಬದಲಿಸಬೇಕೆಂದರೆ ನಿಮ್ಮ ಮಿಲ್ಲೊಂದರಲ್ಲಿ ಗೆದ್ದರೆ ಸಾಲದು, ಇಡೀ ಊರಿನ ಮಿಲ್ಲುಗಳ ಲೆಕ್ಕದಲ್ಲಿ ಗೆಲ್ಲಬೇಕು. ಉದ್ಯಮದಲ್ಲಿ ಶಾಂತಿ ಇರಲಿ ಅಂತ ಮಾಡಿದ ಈ ಏರ್ಪಾಡು ಸಿಟ್ಟನ್ನು ಹೇಳಿಕೊಳ್ಳುವ ಜಾಗವನ್ನೇ ಇಲ್ಲದಂತೆ ಮಾಡಿತು.

1981ರ ದೀಪಾವಳಿ ಹೊತ್ತಿಗೆ ಬೋನಸ್ ಜಗಳ ಬಂತು. ಸಂಘ ಮಾಡಿಕೊಂಡ ಒಪ್ಪಂದ ಕಾರ್ಮಿಕರಿಗೆ ಒಪ್ಪಿಗೆಯಾಗಲಿಲ್ಲ. ಸ್ಟ್ಯಾಂಡರ್ಡ್ ಮಿಲ್ಲಿನವರು ನೇರವಾಗಿ ಘಾಟ್‌ಕೋಪರ್‌ಗೆ, ಡಾಕ್ಟರ್ ದತ್ತಾ ಸಾಮಂತ್ ಹತ್ತಿರ ಹೋದರು. ಇದನ್ನು ಗಮನಿಸಿ, ಸಾಮಂತ್ ಕಾರ್ಮಿಕರನ್ನು ಹುಡುಕಿಕೊಂಡು ಬರಲಿಲ್ಲ, ಕಾರ್ಮಿಕರೇ ಅವರನ್ನು ಹುಡುಕಿಕೊಂಡು ಹೋದರು. ಸಾಮಂತ್ ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ದೊಡ್ಡ ಸಂಬಳ ಏರಿಕೆ ಗೆದ್ದುಕೊಟ್ಟವರು. ಚಾಳಿನ ಪಕ್ಕದ ಖೋಲಿಗೆ ಜಾಸ್ತಿ ಸಂಬಳ ತಂದುಕೊಟ್ಟವರು ಅವರೇ ಅನ್ನುವ ನಂಬಿಕೆ ಕಾರ್ಮಿಕರನ್ನು ಅವರ ಹತ್ತಿರ ಕರೆತಂದಿತು. 1982ರ ಜನವರಿ 18ರಂದು ಮುಷ್ಕರ ಶುರುವಾಯಿತು. ಬೇಡಿಕೆಗಳಲ್ಲಿ ಸಂಬಳ ಇತ್ತು, ಬದ್ಲಿಗಳನ್ನು ಕಾಯಂ ಮಾಡುವುದಿತ್ತು, ಜತೆಗೆ ಆ 1946ರ ಕಾನೂನನ್ನೇ ತೆಗೆಯಬೇಕು ಅನ್ನುವುದಿತ್ತು. ಕೊನೆಯ ಬೇಡಿಕೆಯನ್ನು ಮಾಲೀಕರು ಈಡೇರಿಸಲು ಸಾಧ್ಯವೇ ಇರಲಿಲ್ಲ, ಅದು ಸರ್ಕಾರದ ಕೈಯಲ್ಲಿತ್ತು. ಅಲ್ಲಿಗೆ ಸಂಬಳದ ಜಗಳ ರಾಜಕೀಯದ ಜಗಳವಾಯಿತು. ಸರ್ಕಾರಕ್ಕೆ ಸಾಮಂತ್ ಗೆದ್ದರೆ ನಾಳೆ ಬಂದರು, ನಾಡಿದ್ದು ರೈಲು ಅನ್ನುವ ಹೆದರಿಕೆ.

ಇಲ್ಲಿಂದ ಮುಂದೆ ಯಾವ ಮುಷ್ಕರವಾದರೂ ಒಂದೇ ಲೆಕ್ಕದ ಮೇಲೆ ನಿಲ್ಲುತ್ತದೆ. ಯಾರು ಜಾಸ್ತಿ ದಿನ ಕಾಯಬಲ್ಲರು? ಕಾರ್ಮಿಕರು ಕಾದರು. ಎಷ್ಟೋ ಜನ ರತ್ನಾಗಿರಿ, ಸಾತಾರಾ, ಕೊಲ್ಹಾಪುರ ಕಡೆಯ ತಮ್ಮ ಹಳ್ಳಿಗಳಿಗೆ ಹೋಗಿ ಗದ್ದೆ ಕೆಲಸ ಮಾಡಿದರು, ಹಳ್ಳಿಯ ಅಕ್ಕಿ ಜೋಳ ಚಾಳಿಗೆ ಬಂತು, ಹೆಂಗಸರು ಮನೆಕೆಲಸಕ್ಕೆ ಹೋದರು, ಮಂಗಳಸೂತ್ರ ಅಡ ಇಟ್ಟರು. ಸುಮಾರು 60 ಮಿಲ್ಲುಗಳು ನಿಂತ ಮುಷ್ಕರ ವರ್ಷ ದಾಟಿತು. ಇಷ್ಟು ದೊಡ್ಡ ಸಂಖ್ಯೆಯ ಜನ ಇಷ್ಟು ಕಾಲ ಒಟ್ಟಿಗೆ ನಿಂತದ್ದು ನನಗೆ ಇವತ್ತಿಗೂ ಆಶ್ಚರ್ಯ.

ಆದರೆ ಮಾಲೀಕರಿಗೆ ಕಾಯುವುದು ಕಾರ್ಮಿಕರು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಗೋದಾಮಿನಲ್ಲಿ ಮಾರದೆ ಉಳಿದ ಬಟ್ಟೆ ಇತ್ತು. ಭಿವಂಡಿ, ಮಾಲೇಗಾಂವ್, ಇಚಲಕರಂಜಿಯ ಪವರ್‌ಲೂಮುಗಳು ಕಡಿಮೆ ಕೂಲಿಗೆ, ಕಾರ್ಮಿಕ ಕಾನೂನಿನ ಕಾಟವಿಲ್ಲದೆ ನೇಯುತ್ತಿದ್ದವು. ಅಲ್ಲಿ ನೇಯಿಸಿ ಮಿಲ್ಲಿನ ಮುದ್ರೆ ಒತ್ತಿ ಮಾರುವುದೂ ನಡೆಯುತ್ತಿತ್ತು. ಎಷ್ಟೋ ಮಾಲೀಕರು ಮಿಲ್ಲಿನ ಲಾಭವನ್ನು ಹೊಸ ಯಂತ್ರಗಳಿಗೆ ಹಾಕದೆ ಬೇರೆ ಉದ್ಯಮಗಳಿಗೆ ಸಾಗಿಸಿದ್ದು ಮುಷ್ಕರಕ್ಕಿಂತ ವರ್ಷಗಳ ಮೊದಲೇ. ಹಳೆಯ ಯಂತ್ರ ಓಡದಿದ್ದರೆ ಅವರಿಗೆ ಅಷ್ಟೇನೂ ನಷ್ಟವಿರಲಿಲ್ಲ. ಇದಕ್ಕೇ ನಾನು ಹೇಳುವುದು, ಮಿಲ್ಲುಗಳು ಆಗಲೇ ಮುಳುಗುತ್ತಿದ್ದವು. ಮುಷ್ಕರ ಅದನ್ನು ಬೇಗ ಮಾಡಿತು, ನಿಜ. ಕಾರ್ಮಿಕರ ನಾಯಕರು ಈ ಬದಲಾವಣೆಯನ್ನು ಅಳೆಯುವುದರಲ್ಲಿ ಸೋತರು, ಅದೂ ನಿಜ. ಉತ್ಪಾದನೆ ನಿಲ್ಲಿಸಿದರೆ ಮಾಲೀಕ ಬಗ್ಗುತ್ತಾನೆ ಅನ್ನುವುದು ಮುಷ್ಕರದ ಇಡೀ ಶಕ್ತಿ. ಮಾಲೀಕನಿಗೆ ಆ ಉತ್ಪಾದನೆಯೇ ಬೇಡವಾಗಿದ್ದರೆ ಆ ಶಕ್ತಿ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಆದರೂ ಇದು ಕ್ರಾಂತಿಯಾಗಲಿಲ್ಲ. ಮುಷ್ಕರಕ್ಕೂ ಕ್ರಾಂತಿಗೂ ಇರುವ ವ್ಯತ್ಯಾಸ ಜನರ ಸಂಖ್ಯೆಯಲ್ಲಿಲ್ಲ. 1917ರ ಮಾರ್ಚ್ 8ರಂದು ರಷ್ಯಾದ ಪೆಟ್ರೊಗ್ರಾಡ್‌ನಲ್ಲಿ ಬ್ರೆಡ್ಡಿಗಾಗಿ ಬೀದಿಗೆ ಬಂದವರು ಬಟ್ಟೆ ಕಾರ್ಖಾನೆಯ ಹೆಂಗಸರು. ಅವರನ್ನು ನೋಡಿ ಲೋಹದ ಕಾರ್ಖಾನೆಯವರೂ ಬಂದರು. ಆ ತನಕ ಅದು ದೊಡ್ಡದೊಂದು ಪ್ರತಿಭಟನೆ ಅಷ್ಟೇ. ನಾಲ್ಕೈದು ದಿನಕ್ಕೆ ಊರಿನಲ್ಲಿದ್ದ ಸೈನಿಕರು ಗುಂಡು ಹೊಡೆಯಲು ಒಪ್ಪದೆ ಜನರ ಕಡೆ ಸೇರಿದರು, ಮಾರ್ಚ್ 15ಕ್ಕೆ ಝಾರ್ ಗದ್ದುಗೆ ಬಿಟ್ಟ. ಕೋವಿ ಹಿಡಿದವರು ಯಾರ ಮಾತು ಕೇಳುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ.

ಮುಂಬಯಿ ಆ ಅಂಚಿಗೆ ಒಂದು ಸಲ ಬಂದಿತ್ತು. 1946ರ ಫೆಬ್ರವರಿ 18ರಂದು ನೌಕಾಪಡೆಯ ತಲ್ವಾರ್ ನೆಲೆಯ ನಾವಿಕರು ಕೆಟ್ಟ ಊಟಕ್ಕೂ ಅಧಿಕಾರಿಗಳ ಬೈಗುಳಕ್ಕೂ ಬೇಸತ್ತು ಕೆಲಸ ನಿಲ್ಲಿಸಿದರು. ಊಟದ ಜಗಳ ಎರಡೇ ದಿನಕ್ಕೆ ಹಡಗುಗಳಿಂದ ಬ್ರಿಟಿಷ್ ಬಾವುಟ ಇಳಿಸುವಲ್ಲಿಗೆ ಮುಟ್ಟಿತು. 22ರಂದು ಮಿಲ್ ಕಾರ್ಮಿಕರು ಅವರಿಗೆ ಬೆಂಬಲವಾಗಿ ಬೀದಿಗೆ ಬಂದರು. ಗುಂಡೇಟಿಗೆ 200ಕ್ಕೂ ಜಾಸ್ತಿ ಜನ ಸತ್ತರು. ಕಾಂಗ್ರೆಸ್ಸಾಗಲಿ ಮುಸ್ಲಿಂ ಲೀಗಾಗಲಿ ಬೆನ್ನಿಗೆ ನಿಲ್ಲಲಿಲ್ಲ, ಪಟೇಲರ ಮಾತಿನಂತೆ ನಾವಿಕರು 23ಕ್ಕೆ ಶರಣಾದರು. 1982ರ ಆಗಸ್ಟ್‌ನಲ್ಲಿ, ಮಿಲ್ ಮುಷ್ಕರದ ನಡುವೆಯೇ, ಮುಂಬಯಿಯ ಪೊಲೀಸ್ ಪೇದೆಗಳೇ ತಿರುಗಿಬಿದ್ದರು. ಅವರ ಸಂಘವನ್ನು ಸರ್ಕಾರ ರದ್ದು ಮಾಡಿತ್ತು. ಅವರಲ್ಲೂ ತುಂಬಾ ಜನ ಅದೇ ಕೊಂಕಣ, ಅದೇ ಚಾಳುಗಳವರು. ಸೈನ್ಯ ಬಂತು, ಮುಗಿಯಿತು. ದೆಹಲಿ ಗಟ್ಟಿಯಾಗಿತ್ತು, ಸೈನ್ಯ ಅದರ ಮಾತು ಕೇಳುತ್ತಿತ್ತು. ಚುನಾವಣೆಯೂ ಇತ್ತು. ಸರ್ಕಾರವನ್ನು ವೋಟಿನಿಂದ ಇಳಿಸಬಹುದು ಅನ್ನುವ ನಂಬಿಕೆ ಇರುವ ಕಡೆ ಕ್ರಾಂತಿ ಅಷ್ಟು ಸುಲಭವಾಗಿ ಆಗುವುದಿಲ್ಲ. 1984ರಲ್ಲಿ ಇಂದಿರಾ ಸಾವಿನ ಅನುಕಂಪದ ಅಲೆಯಲ್ಲೂ ಸಾಮಂತ್ ಮುಂಬಯಿಯ ಮಿಲ್ ಪ್ರದೇಶದಿಂದ ಪಕ್ಷೇತರರಾಗಿ ಲೋಕಸಭೆಗೆ ಗೆದ್ದರು. ಕೆಲಸ ಕಳೆದುಕೊಂಡ ಜನ ಅವರ ಮೇಲೆ ಸಿಟ್ಟಾಗಲಿಲ್ಲ. ಅವರೇ ನಮ್ಮನ್ನು ಹಾಳು ಮಾಡಿದರು ಅಂತ ಕಾರ್ಮಿಕರಿಗೆ ಅನಿಸಿದ್ದರೆ ಆ ವೋಟು ಬೀಳುತ್ತಿರಲಿಲ್ಲ.

ಪರಿಣಾಮಗಳ ವಿಷಯದಲ್ಲಿ ನಾವು ಮಾಡುವ ದೊಡ್ಡ ತಪ್ಪು ಅಂದರೆ ಗೆದ್ದರೋ ಸೋತರೋ ಅಂತ ಮುಷ್ಕರ ಮುಗಿದ ದಿನವೇ ತೀರ್ಮಾನ ಮಾಡುವುದು. ಜಾರ್ಜ್ ಫರ್ನಾಂಡಿಸ್ ಮುಂದೆ ನಿಂತು ನಡೆಸಿದ 1974ರ ರೈಲ್ವೆ ಮುಷ್ಕರ ನೋಡಿ. ಸುಮಾರು 17 ಲಕ್ಷ ನೌಕರರು, ಮೇ 8ರಿಂದ 27ರ ತನಕ 20 ದಿನ. ಸಾವಿರಾರು ಜನ ಜೈಲಿಗೆ ಹೋದರು, ಸಂಸಾರಗಳನ್ನು ರೈಲ್ವೆ ಕ್ವಾರ್ಟರ್ಸಿನಿಂದ ಹೊರಗೆ ಹಾಕಿದರು, ಒಂದು ಬೇಡಿಕೆಯೂ ಈಡೇರದೆ ಮುಷ್ಕರ ಮುಗಿಯಿತು. ಮರುವರ್ಷ ತುರ್ತು ಪರಿಸ್ಥಿತಿ ಬಂತು. ಪೂರ್ತಿ ಸೋಲು ಅನಿಸುತ್ತದೆ. ಆದರೆ ಅವರು ಕೇಳಿದ್ದ ಬೋನಸ್ 1979ರಲ್ಲಿ ಬಂತು. ಇವತ್ತು ರೈಲ್ವೆಯವರು ದಸರಾ ಹೊತ್ತಿಗೆ ಪಡೆಯುವ ಬೋನಸ್ಸಿನ ಬೇರು ಆ ಸೋತ ಮುಷ್ಕರದಲ್ಲಿದೆ.

ಇನ್ನೊಂದು ಪರಿಣಾಮ ಇದೆ, ಅದು ನಮಗೆ ನೇರವಾಗಿ ತಾಗಿದ್ದು. ಮೇಲಿನವರ ಕಡೆ ಹೋಗಬೇಕಾದ ಸಿಟ್ಟು ಕೆಲವು ಸಲ ಪಕ್ಕದವರ ಕಡೆ ತಿರುಗುತ್ತದೆ. ಕೆಲಸ ಸಿಗದ ಮರಾಠಿ ಯುವಕರ ಸಿಟ್ಟು ನ್ಯಾಯವಾದದ್ದೇ ಆಗಿತ್ತು. 1966ರಲ್ಲಿ ಹುಟ್ಟಿದ ಶಿವಸೇನೆ ಅದನ್ನು ದಕ್ಷಿಣದವರ ಮೇಲೆ ತಿರುಗಿಸಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಅಲ್ಲಿ ಗಾಜಿನ ಚೂರು ಗುಡಿಸಿದ ಮಾಣಿಗೂ ಕಲ್ಲು ಎಸೆದ ಹುಡುಗನಿಗೂ ಬದುಕಿನ ಕಷ್ಟ ಹೆಚ್ಚು ಕಮ್ಮಿ ಒಂದೇ ಆಗಿತ್ತು. ಗಿರಣಗಾಂವ್‌ನಲ್ಲಿ ಕಾರ್ಮಿಕ ಸಂಘಟನೆ ಬಲ ಕಳೆದುಕೊಂಡಷ್ಟೂ ಭಾಷೆ ಮತ್ತು ಧರ್ಮದ ರಾಜಕೀಯಕ್ಕೆ ಜಾಗ ಜಾಸ್ತಿಯಾಯಿತು. ಮುಷ್ಕರ ಸೋತಾಗ ಸಂಬಳ ಮಾತ್ರ ಹೋಗುವುದಿಲ್ಲ, ಬೇರೆ ಭಾಷೆಯವರ ಜತೆ ಒಂದೇ ಸಾಲಿನಲ್ಲಿ ಕೂತ ಅಭ್ಯಾಸವೂ ಹೋಗುತ್ತದೆ. ನಮ್ಮಂಥ ವಲಸೆ ಬಂದವರಿಗೆ ಇದು ಸಣ್ಣ ನಷ್ಟ ಅಲ್ಲ.

ಮಿಲ್ಲುಗಳಿಗೆ ವಾಪಸ್ಸು ಬರುವುದಾದರೆ, ಮುಷ್ಕರ ಮುಗಿಯಿತು ಅಂತ ಅಧಿಕೃತವಾಗಿ ಯಾರೂ ಘೋಷಿಸಲೇ ಇಲ್ಲ. ಜನ ಒಬ್ಬೊಬ್ಬರಾಗಿ ಗೇಟಿಗೆ ಹೋದರು, ಒಂದು ಲಕ್ಷಕ್ಕೂ ಜಾಸ್ತಿ ಜನರಿಗೆ ಕೆಲಸ ಸಿಗಲಿಲ್ಲ. 1983ರಲ್ಲಿ ಕೇಂದ್ರ ಸರ್ಕಾರ 13 ಮಿಲ್ಲುಗಳ ಆಡಳಿತವನ್ನು ವಹಿಸಿಕೊಂಡಿತು. ಸಾಮಂತ್ ಅವರನ್ನು 1997ರ ಜನವರಿ 16ರಂದು ಗುಂಡಿಟ್ಟು ಕೊಂದರು. ಆ ಹೊತ್ತಿಗೆ ಜಗಳ ಬಟ್ಟೆಯದ್ದಾಗಿ ಉಳಿದಿರಲಿಲ್ಲ, ಊರಿನ ನಟ್ಟನಡುವಿನ ಸುಮಾರು 600 ಎಕರೆ ಜಮೀನಿನದ್ದಾಗಿತ್ತು. 1991ರ ನಿಯಮದ ಪ್ರಕಾರ ಮಿಲ್ ಜಮೀನು ಮಾರುವುದಾದರೆ ಮೂರರಲ್ಲಿ ಒಂದು ಪಾಲು ಪಾಲಿಕೆಗೆ ಬಯಲು ಜಾಗಕ್ಕಾಗಿ, ಒಂದು ಪಾಲು ರಾಜ್ಯ ಸರ್ಕಾರದ ವಸತಿ ಸಂಸ್ಥೆ ಮ್ಹಾಡಾಗೆ ಮನೆಗಳಿಗಾಗಿ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಅದನ್ನು ತಿದ್ದಿ ಈ ಹಂಚಿಕೆ ಖಾಲಿ ಜಾಗಕ್ಕೆ ಮಾತ್ರ ಅಂದರು. ಕಟ್ಟಡ ನಿಂತಿದ್ದ ಜಾಗವೆಲ್ಲ ಲೆಕ್ಕದಿಂದ ಹೊರಗೆ ಹೋಯಿತು, ಸಾರ್ವಜನಿಕರ ಪಾಲು ಚೂರಾಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇವತ್ತು ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಮಾಲು, ಕಮಲಾ ಮಿಲ್ಲಿನ ಜಾಗದಲ್ಲಿ ಆಫೀಸುಗಳು.

ಕಾರ್ಮಿಕರ ಮನೆಗಳ ಬೇಡಿಕೆ ಇನ್ನೂ ಮುಗಿದಿಲ್ಲ. ಮ್ಹಾಡಾ ಲಾಟರಿ ಎತ್ತಿ ಕೆಲವು ಸಾವಿರ ಮನೆಗಳನ್ನು ಕೊಟ್ಟಿದೆ, ಆದರೆ ಅರ್ಜಿ ಹಾಕಿದ ಕಾರ್ಮಿಕರು ಮತ್ತು ಅವರ ವಾರಸುದಾರರು ಒಂದು ಲಕ್ಷಕ್ಕೂ ಜಾಸ್ತಿ. ಉಳಿದವರಿಗೆ ಕರ್ಜತ್ ದಾರಿಯ ಶೇಲು, ವಾಂಗಣಿ ಕಡೆ ಮನೆ ಕೊಡುತ್ತೇವೆ ಅಂತ ಸರ್ಕಾರ ಅಂದಾಗ 2025ರ ಜುಲೈನಲ್ಲಿ ಅವರು ಆಜಾದ್ ಮೈದಾನಕ್ಕೆ ಬಂದರು. ಹಲವರು ವಯಸ್ಸಾದವರು, ಕೆಲವರ ಬದಲು ಮಕ್ಕಳು. ಅಷ್ಟು ದೂರದ ಮನೆ ಬೇಡ, ಮುಂಬಯಿಯಲ್ಲೇ ಕೊಡಿ ಅನ್ನುವುದು ಅವರ ಬೇಡಿಕೆ.